ಸರದಿಂದ ಬಿಡಿಸಿದ 1911ರ ರೂಪಾಯಿ

ಆ ಭಾನುವಾರ ಮೇಜಿನ ಮೇಲೆ ಹರಡಿದ್ದು ಹದಿನಾಲ್ಕು ಬೆಳ್ಳಿ ರೂಪಾಯಿ, ಎಲ್ಲವೂ ಒಂದೇ ಮನೆಯ ಹಳೇ ಸರದಿಂದ ಬಿಡಿಸಿದವು. ಹದಿಮೂರು ನಾಣ್ಯ ಅಸಲಿಯೋ ನಕಲಿಯೋ ಎಂದು ನೋಡಲು ಅರ್ಧ ಗಂಟೆ ಸಾಕಾಯಿತು. ಉಳಿದ ಒಂದಕ್ಕೆ ಮಧ್ಯಾಹ್ನದವರೆಗೂ ಕೂರಬೇಕಾಯಿತು. ಅದು ಐದನೇ ಜಾರ್ಜ್‌ನ 1911ರ ರೂಪಾಯಿ. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಗಿಡ್ಡ ಸೊಂಡಿಲಿನಿಂದಾಗಿ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಎದ್ದು, ಸರ್ಕಾರ ಈ ನಾಣ್ಯವನ್ನು ಹಿಂಪಡೆದು ಬಹುಪಾಲು ಕರಗಿಸಿತು. 1912ರಲ್ಲಿ ಆನೆಯನ್ನು ತಿದ್ದಿದರು. ಬೆಲೆ ಜಾಸ್ತಿ ಇರುವುದರಿಂದ ನಕಲಿಯೂ ಜಾಸ್ತಿ.

ಮೊದಲು ತಕ್ಕಡಿ. ಹೊಸದಾಗಿದ್ದಾಗ 11.66 ಗ್ರಾಂ ಇರಬೇಕು; ಇದು 11.58 ತೂಗಿತು. ಸವೆದ ನಾಣ್ಯಕ್ಕೆ ಇಷ್ಟು ಕಡಿಮೆಯಾಗುವುದು ಸಹಜ. ಆದರೆ ತೂಕ ಸರಿಬಂತೆಂದು ಒಪ್ಪಿಬಿಡಬಾರದು, ತಾಮ್ರ, ನಿಕಲ್, ಸತು ಬೆರೆಸಿದ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್‌ನಲ್ಲೂ ಸ್ವಲ್ಪ ದಪ್ಪ ಮಾಡಿ ಅದೇ ತೂಕ ತರುತ್ತಾರೆ. ಅಯಸ್ಕಾಂತಕ್ಕೂ ಅಷ್ಟೇ ಮಿತಿ. ಅಂಟಿದರೆ ನಕಲಿ ಖಂಡಿತ, ಅಂಟದಿದ್ದರೆ ಏನೂ ಗೊತ್ತಾಗಲಿಲ್ಲ ಎಂದೇ ಅರ್ಥ.

ಹಾಗಾಗಿ ನೀರಿನ ಪರೀಕ್ಷೆ ಬಿಡುವಂತಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತರಬೇಕು. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ. ಈ ರೂಪಾಯಿಯಲ್ಲಿ ಬೆಳ್ಳಿ ಶೇ. 91.7, ಉಳಿದದ್ದು ತಾಮ್ರ, ಸಾಂದ್ರತೆ 10.3ರ ಆಸುಪಾಸು ಬರಬೇಕು. ನಮಗೆ ಮೊದಲು ಬಂದ ಅಂಕಿ 1.19, ಅಂದರೆ 9.7. ಎದೆ ಧಸಕ್ಕೆಂದಿತು! ನೋಡಿದರೆ ಅಂಚಿನ ಸುತ್ತ ಅಚ್ಚಿನಲ್ಲೇ ಮೂಡಿಸಿದ ಗೀರುಗಳಲ್ಲಿ ಗಾಳಿಗುಳ್ಳೆ ಕೂತಿತ್ತು. ನಾಣ್ಯವನ್ನು ಮೊದಲೇ ಒದ್ದೆ ಮಾಡಿ, ನೀರೊಳಗೆ ಮೆಲ್ಲಗೆ ಕುಲುಕಿ ಮತ್ತೆ ಹಿಡಿದಾಗ 1.12. ಭಾಗಿಸಿದರೆ 10.34. ಜರ್ಮನ್ ಸಿಲ್ವರ್ ಆಗಿದ್ದರೆ 1.3 ದಾಟುತ್ತಿತ್ತು.

ಲೋಹ ಸರಿ, ಇಸವಿ ಸರಿಯೇ? 1912ರ ಅಸಲಿ ರೂಪಾಯಿಯ ಕೊನೆಯ 2 ಅನ್ನು ಕೆರೆದು 1 ಮಾಡುವವರಿದ್ದಾರೆ. ಇದನ್ನು ತೂಕವೂ ಹಿಡಿಯದು, ನೀರೂ ಹಿಡಿಯದು; ಆನೆ ಹಿಡಿಯುತ್ತದೆ. 1911 ಎಂದು ಬರೆದಿದ್ದು ಸೊಂಡಿಲು ಉದ್ದವಾಗಿ ಸ್ಪಷ್ಟವಾಗಿದ್ದರೆ ಅಲ್ಲಿಗೆ ಮುಗಿಯಿತು. ಅದೇ ಸರದಲ್ಲಿ 1912ರದ್ದೂ ಒಂದು ಇದ್ದದ್ದು ಪುಣ್ಯ. ಎರಡನ್ನೂ ಪಕ್ಕಪಕ್ಕ ಇಟ್ಟು, ದೀಪವನ್ನು ಒಂದು ಬದಿಯಿಂದ ಓರೆಯಾಗಿ ಬಿಟ್ಟು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿದೆವು. ಇದರ ಸೊಂಡಿಲು ಮೊಂಡೇ. ಇಸವಿಯ ಸುತ್ತ ಕೆರೆದ ಗುರುತಿಲ್ಲ. ಅಚ್ಚಿಗೆ ಎರಕ ಹೊಯ್ದ ನಕಲಿಯಲ್ಲಿ ಕಾಣುವ ಸೂಜಿಮೊನೆಯಷ್ಟು ಗುಳಿಗಳಾಗಲಿ, ಅಂಚಿನ ಸುತ್ತ ಹರಿಯುವ ಕೂಡುಗೆರೆಯಾಗಲಿ ಇಲ್ಲ. ಹಿಂಬದಿ ಕೆಳಗಿನ ಕಮಲದಡಿ ಉಬ್ಬುಚುಕ್ಕಿ ಇತ್ತು, ಮುಂಬಯಿ ಟಂಕಸಾಲೆಯದು. ಕಲ್ಕತ್ತದ್ದಾಗಿದ್ದರೆ ಚುಕ್ಕಿ ಇರುತ್ತಿರಲಿಲ್ಲ. ಅಸಲಿಯೇ.

ದರ್ಜೆಯ ಮಾತು ಬಂದಾಗ ಮನಸ್ಸಿಗೆ ನೋವಾಯಿತು. ಸವೆತ ಮೊದಲು ಕಾಣುವುದು ಉಬ್ಬಿದ ಜಾಗಗಳಲ್ಲಿ: ಕಿರೀಟದ ಮುತ್ತಿನ ಸಾಲು, ಹುಬ್ಬು, ಕಿವಿ, ನಿಲುವಂಗಿಯ ಕಸೂತಿ. ಇಲ್ಲಿ ಮುತ್ತುಗಳು ಬಿಡಿಬಿಡಿಯಾಗಿದ್ದವು, ಕಸೂತಿ ಮುಕ್ಕಾಲು ಉಳಿದಿತ್ತು. ಸವೆತವೊಂದನ್ನೇ ನೋಡಿದರೆ ವಿಎಫ್ (ವೆರಿ ಫೈನ್, ಹೆಚ್ಚು ಸವೆಯದ ನಾಣ್ಯದ ದರ್ಜೆ) ಧಾರಾಳವಾಗಿ ಕೊಡಬಹುದು. ಆದರೆ ಕಿರೀಟದ ನೇರ ಮೇಲೆ ಅಂಚಿನಲ್ಲಿ ಬೂದುಬಣ್ಣದ ಬೆಸುಗೆ. ಕೊಂಡಿ ಕೂರಿಸಿದ್ದ ಜಾಗ. ಅಲ್ಲಿ ಏಳೆಂಟು ಗೀರು ಮುಚ್ಚಿಹೋಗಿವೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು, ನಾಣ್ಯ ಇಲ್ಲಿಗೆ ಬರುವ ಮುನ್ನ ಯಾರೋ ಪಾತ್ರೆ ಉಜ್ಜುವ ಪುಡಿ ಹಾಕಿ ತಿಕ್ಕಿದ್ದು. ದೀಪದಡಿ ತಿರುಗಿಸಿದರೆ ಒಂದೇ ದಿಕ್ಕಿಗೆ ಕೂದಲೆಳೆಯಂಥ ಗೆರೆಗಳು. ನೂರು ವರ್ಷಕ್ಕೆ ಕೂತ ಬೂದು ಪದರ ಕೊಳೆಯಲ್ಲ, ಅಸಲಿತನಕ್ಕೆ ಅದೂ ಒಂದು ಸಾಕ್ಷಿ. ಹುಣಸೆಹಣ್ಣು, ಟೂತ್‌ಪೇಸ್ಟ್, ಬ್ರಾಸೊ ಯಾವುದೂ ಬೇಡ. ಎಣ್ಣೆಜಿಡ್ಡಿದ್ದರೆ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆದು ಉಜ್ಜದೆ ಆರಲು ಬಿಟ್ಟರೆ ಸಾಕು.

ಕವರ್ ಮೇಲೆ ಬರೆದದ್ದು ಇಷ್ಟು: 1911, ಮುಂಬಯಿ, ವಿಎಫ್ ಮಟ್ಟದ ಸವೆತ, ಕೊಂಡಿ ತೆಗೆದದ್ದು, ಉಜ್ಜಿದ್ದು. ಪಿವಿಸಿ ಕವರ್ ಆದರೆ ವರ್ಷಗಳಲ್ಲಿ ಹಸಿರು ಲೋಳೆ ಬಿಡುತ್ತದೆ, ಹಾಗಾಗಿ ಪಾಲಿಯೆಸ್ಟರ್ ಹಾಳೆಯಾದ ಮೈಲಾರ್‌ನದ್ದಕ್ಕೆ ಹಾಕಿ, ಅಂಚು ಹಿಡಿದೇ ಒಳಗೆ ಜಾರಿಸಿದೆವು.