ಆಸ್ಪತ್ರೆಯಾಚೆಯ ಮಂಗಳೂರು

ಕೊಡಗಿನವರಿಗೆ ಮಂಗಳೂರೆಂದರೆ ಬಹುಮಟ್ಟಿಗೆ ಆಸ್ಪತ್ರೆಗಳ ಊರು. ಅಮ್ಮನ ಚಿಕಿತ್ಸೆಗೆಂದು ನಾನೂ ಹಲವು ಬಾರಿ ಸಂಪಾಜೆ ಘಾಟಿ ಇಳಿದಿದ್ದೇನೆ. ಆದರೆ ಕಂಡದ್ದು ಬಸ್ ನಿಲ್ದಾಣ, ವಾರ್ಡಿನ ಕಿಟಕಿ ಮತ್ತು ಔಷಧಿ ಅಂಗಡಿಯ ಸಾಲು ಮಾತ್ರ. ಅಮ್ಮ ಚೇತರಿಸಿಕೊಂಡ ಮೇಲೆ, ಕಳೆದ ಏಪ್ರಿಲ್‌ನಲ್ಲಿ, ಕೈಯಲ್ಲಿ ಯಾವ ವೈದ್ಯರ ಚೀಟಿಯೂ ಇಲ್ಲದೆ ಒಂದು ದಿನ ಆ ಊರನ್ನು ನೋಡಿ ಬರೋಣವೆಂದು ಅವರೇ ಹೊರಡಿಸಿದರು.

ಮಡಿಕೇರಿಯಿಂದ ನಸುಕಿನ ಬಸ್ಸು. ಸುಳ್ಯ, ಪುತ್ತೂರು ದಾಟಿ ಮಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಮೈಮೇಲಿನ ಸ್ವೆಟರ್ ಚೀಲ ಸೇರಿತ್ತು. ಆಕಾರದಲ್ಲಿ ಪೂರಿಯಂತಿದ್ದು ಬಾಳೆಹಣ್ಣಿನ ಸಿಹಿಯಿರುವ ಬನ್ಸ್ ತಿಂದು, ಚಹಾ ಕುಡಿದು, ಮೊದಲು ಬಾವುಟಗುಡ್ಡಕ್ಕೆ ಹೋದೆವು.

ಈ ಗುಡ್ಡದ ಹೆಸರಿನೊಳಗೆ ನಮ್ಮ ಸೀಮೆಯ ಕಥೆಯೂ ಇದೆ. 1834ರಲ್ಲಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಬ್ರಿಟಿಷರು ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕೆನರಾಕ್ಕೆ ಸೇರಿಸಿ, ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕೆಂದಾಗ ರೈತರು ಸಿಡಿದೆದ್ದರು. 1837ರ ಏಪ್ರಿಲ್‌ನಲ್ಲಿ ಮಂಗಳೂರಿನವರೆಗೂ ನಡೆದು ಬಂದು, ಇಲ್ಲಿ ತಮ್ಮ ಬಾವುಟ ಹಾರಿಸಿ, ಸುಮಾರು ಎರಡು ವಾರ ಊರನ್ನು ಹಿಡಿದಿಟ್ಟುಕೊಂಡರು. ದಂಗೆಯ ಮುಂದಾಳುಗಳಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಲ್ಲಿದೆ. ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ನಮ್ಮ ಮಡಿಕೇರಿ ಕೋಟೆಯಲ್ಲಿ. ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಅಮ್ಮ, "ಅವರೆಲ್ಲ ಸುಳ್ಯದಿಂದ ನಡೆದೇ ಬಂದಿದ್ದರಂತೆ, ನಿನಗೆ ಇಷ್ಟು ಏರು ಹತ್ತುವುದಕ್ಕೇ ಕಷ್ಟವಾ?" ಎಂದರು. ಕಾಯಿಲೆ ಬಿದ್ದು ಎದ್ದವರು ಅವರು, ಬೆವರುತ್ತಿದ್ದವಳು ನಾನು.

ಅದೇ ಗುಡ್ಡದ ಮೇಲೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಇಟಲಿಯ ಆಂಟೋನಿಯೊ ಮೊಸ್ಕೆನಿ ಎಂಬ ಕ್ರೈಸ್ತ ಸನ್ಯಾಸಿ-ಕಲಾವಿದರು 1899ರಿಂದ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದ್ದಾರೆ. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಮಾಡಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಕತ್ತು ನೋಯುವವರೆಗೂ ನೋಡಿದೆವು.

ಊಟಕ್ಕೆ ನೀರುದೋಸೆ, ಬಂಗುಡೆ ಸಾರು. ಘಾಟಿ ಹತ್ತಿ ಬರುವ ಮೀನಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಧ್ಯಾಹ್ನ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೊರಟಾಗ ಆಟೋದವರು, "ದೊಡ್ಡ ಕೋಟೆ ಅಂತ ಗ್ರಹಿಸಬೇಡಿ ಅಮ್ಮ, ಸಣ್ಣದು ಉಂಟು" ಎಂದು ಮೊದಲೇ ಎಚ್ಚರಿಸಿದ್ದರು. ಹಗೆಯ ಹಡಗುಗಳು ಗುರುಪುರ ಹೊಳೆಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಕಾವಲು ಬುರುಜು ಅದು. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿಯ ಕಡಲತೀರ. ಅಷ್ಟು ಸಲ ಮಂಗಳೂರಿಗೆ ಬಂದಿದ್ದರೂ ಅಮ್ಮ ಸಮುದ್ರದ ನೀರು ಮುಟ್ಟಿರಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಕಣಕಾಲಿನಷ್ಟು ನೀರಿನಲ್ಲಿ ಬಹಳ ಹೊತ್ತು ನಿಂತಿದ್ದವರು, ದಾರಿಯುದ್ದಕ್ಕೂ ಬಸ್ಸಿನ ಜೊತೆಗೇ ಬಂದ ಪಯಸ್ವಿನಿ ಇಲ್ಲಿಗೇ ಸೇರುವುದೇ ಎಂದು ಕೇಳಿದರು. ಅದು ಕಾಸರಗೋಡಿನ ಕಡೆಗೆ ತಿರುಗುತ್ತದೆಂದಾಗ, "ಹಾಗಾದರೆ ಅಲ್ಲಿಗೂ ಒಮ್ಮೆ ಹೋಗಬೇಕು" ಎಂದರು.

ಮರಳುವ ಮುನ್ನ ಮಳೆಗಾಲಕ್ಕೆಂದು ಒಣಮೀನು ಕೊಂಡು, ಮೂರು ಸುತ್ತು ಕಾಗದದಲ್ಲಿ ಕಟ್ಟಿಸಿ ಸೀಟಿನ ಕೆಳಗಿಟ್ಟೆವು. ಸಂಪಾಜೆ ತಲುಪಿ, ಚಳಿಗೆ ಎಲ್ಲರೂ ಕಿಟಕಿಯ ಗಾಜು ಎಳೆದುಕೊಂಡಾಗ, ನಾವು ಕೊಂಡದ್ದೇನೆಂಬುದು ಇಡೀ ಬಸ್ಸಿಗೆ ತಿಳಿಯಿತು.