ಎರಡು ತೋಳಿನ ವಿದಳನ ಮಾಪಕ: ಕಲಬುರಗಿ ಮೇಜಿನ ಪ್ರಗತಿ ಟಿಪ್ಪಣಿ

ಕ್ಯಾಲ್ಸಿಯಂ-48ನ್ನು ಯುರೇನಿಯಂ-238ಕ್ಕೆ ಗುದ್ದಿಸಿದರೆ 112 ಪ್ರೋಟಾನುಗಳ ಕೋಪರ್ನಿಸಿಯಂ-286 ಹುಟ್ಟಬೇಕು. ಬಹುಪಾಲು ಹುಟ್ಟುವುದಿಲ್ಲ, ಪೂರ್ತಿ ಬೆಸೆಯುವ ಮೊದಲೇ ಜೋಡಿ ಹರಿದುಹೋಗುತ್ತದೆ. ಇದು ಕ್ವಾಸಿಫಿಶನ್. ರಷ್ಯಾದ ದುಬ್ನಾ ಸಂಶೋಧನಾ ಕೇಂದ್ರದ ಕೋರ್ಸೆಟ್ ಉಪಕರಣ ಎರಡು ತೋಳುಗಳಲ್ಲಿ (ಕಿರಣದ ಎಡಬಲದ ಡಿಟೆಕ್ಟರುಗಳಲ್ಲಿ) ಎರಡೂ ಚೂರುಗಳ ಹಾರಾಟದ ಸಮಯ ಅಳೆದು ಇದನ್ನು ಪತ್ತೆಹಚ್ಚುತ್ತದೆ. ಇಲ್ಲಿ ಆಕ್ಸಿಲರೇಟರ್ ಎಲ್ಲಿಂದ ಬರಬೇಕು? ಅದಕ್ಕೇ ಆ ಲೆಕ್ಕವನ್ನು ಪೈಥಾನ್‌ನಲ್ಲಿ ಕಟ್ಟುತ್ತಿದ್ದೇವೆ, ಪಕ್ಕದಲ್ಲಿ ಆಲ್ಫಾ ಕಣಗಳ ಶಕ್ತಿ ಅಳೆಯುವ ಒಂದು ಸಿಲಿಕಾನ್ ಡಯೋಡ್ ಓಡುತ್ತಿದೆ.

ಸಿಮ್ಯುಲೇಶನ್‌ನಲ್ಲಿ ಕ್ಯಾಲ್ಸಿಯಂ ಕಿರಣದ ಶಕ್ತಿ 235 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್). ವಿದಳನದ ಶಕ್ತಿ ಅಂದಾಜಿಸುವ ವಯೋಲಾ ಸೂತ್ರದ ಪ್ರಕಾರ ಚೂರುಗಳ ಒಟ್ಟು ಚಲನಶಕ್ತಿ ಸುಮಾರು 234 ಎಂಇವಿ. ಸರಿಯಾಗಿ ಅರ್ಧ ಸೀಳಿದರೆ ಒಂದೊಂದಕ್ಕೆ 143 ಮಾನ (ಪರಮಾಣು ದ್ರವ್ಯರಾಶಿಯ ಮಾನ), ವೇಗ ನ್ಯಾನೋಸೆಕೆಂಡಿಗೆ 1.26 ಸೆಂ.ಮೀ. ಇಡೀ ವ್ಯವಸ್ಥೆ ಮುಂದಕ್ಕೆ ನ್ಯಾನೋಸೆಕೆಂಡಿಗೆ 0.52 ಸೆಂ.ಮೀ. ವೇಗದಲ್ಲಿ ಓಡುವುದರಿಂದ ತೋಳುಗಳನ್ನು ಕಿರಣದ ಎಡಬಲಕ್ಕೆ ತಲಾ 68 ಡಿಗ್ರಿಗೆ ಇಡಬೇಕು, 90ಕ್ಕಲ್ಲ. 20 ಸೆಂ.ಮೀ. ದಾರಿಗೆ 14.7 ನ್ಯಾನೋಸೆಕೆಂಡ್.

ಒಂದು ಚೂರಿನ ದ್ರವ್ಯರಾಶಿ ಎಂದರೆ 286 × ಎದುರು ಚೂರಿನ ವೇಗ ÷ ಎರಡೂ ವೇಗಗಳ ಮೊತ್ತ (ವೇಗಗಳು ದ್ರವ್ಯಕೇಂದ್ರದ ಚೌಕಟ್ಟಿನವು, ಅಂದರೆ ಇಡೀ ವ್ಯವಸ್ಥೆಯ ಮುನ್ನಡೆ ಕಳೆದವು). ಒಂದೇ ತೋಳಿನ ಗಡಿಯಾರ 200 ಪಿಕೋಸೆಕೆಂಡ್ ಜಾರಿದರೂ ದ್ರವ್ಯರಾಶಿ ಹಂಚಿಕೆಯ ಶಿಖರ ಸುಮಾರು 1 ಮಾನ ಸರಿಯುತ್ತದೆ. ಎರಡೂ ತೋಳಲ್ಲಿ ವೇಗ 1% ಕಡಿಮೆ ಬಂದರೆ ದ್ರವ್ಯರಾಶಿ ಅಲುಗುವುದಿಲ್ಲ, ಆದರೆ ಚಲನಶಕ್ತಿ 4–5 ಎಂಇವಿ ಕುಸಿಯುತ್ತದೆ. ಟಾರ್ಗೆಟ್‌ನಲ್ಲಿ ಕಳೆದುಹೋದ ಶಕ್ತಿ ಕೂಡಿಸದಿದ್ದರೆ ಇದೇ ಗತಿ.

ದೊಡ್ಡ ಕಾಟ ಬೇರೆಯದು. ಡಿಕ್ಕಿ ತಿಂದ ಯುರೇನಿಯಂ ತಾನೇ ಎರಡಾಗಿ ಸೀಳುವುದುಂಟು. ಆಗ ಹುಟ್ಟುವ ಮೂರು ಚೂರುಗಳಲ್ಲಿ ಎರಡು ಡಿಟೆಕ್ಟರಿಗೆ ಬಿದ್ದರೆ ಸೂತ್ರ ಕಣ್ಣುಮುಚ್ಚಿ 286ನ್ನು ಹಂಚಿಬಿಡುತ್ತದೆ, ಇಲ್ಲದ ಸಮ ಸೀಳು ಕಾಣಿಸುತ್ತದೆ. ಎರಡು ಚೂರುಗಳ ನಡುವಿನ ಕೋನ 135 ಡಿಗ್ರಿ ಆಸುಪಾಸಿನಲ್ಲಿದೆಯೇ, ಚೂರುಗಳೆರಡೂ ಕಿರಣದೊಂದಿಗೆ ಒಂದೇ ಸಮತಲದಲ್ಲಿವೆಯೇ ಎಂದು ಜರಡಿ ಹಿಡಿದ ಮೇಲೆ ಮಾತ್ರ ಹಿಸ್ಟೋಗ್ರಾಮ್ ನಂಬಬೇಕು. ಜರಡಿ ದಾಟಿದ 143±20ರ ಒಳಗಿನದೆಲ್ಲ ನಿಜವಾದ (ಪೂರ್ತಿ ಬೆಸೆದ ಮೇಲಿನ) ವಿದಳನವೂ ಅಲ್ಲ. 208ರ ಹತ್ತಿರದ, ಸೀಸದ ನ್ಯೂಕ್ಲಿಯಸ್ಸಿನೊಳಗಿನ ಭರ್ತಿ ಕವಚದಿಂದಾಗುವ (ಷೆಲ್) ಕ್ವಾಸಿಫಿಶನ್ ಶಿಖರದ ಬಾಲ ಅಲ್ಲಿಗೂ ಚಾಚುತ್ತದೆ.

ಇನ್ನು ಡಯೋಡ್. ಬಿಪಿಎಕ್ಸ್61 ಎಂಬ ಫೋಟೋಡಯೋಡ್, ಮೇಲಿನ ಗಾಜು ತೆಗೆದದ್ದು. ಆಲ್ಫಾ ಕಣ ಗಾಜು ದಾಟುವುದಿಲ್ಲ. ಬಯಾಸ್‌ಗೆ (ಡಯೋಡಿಗೆ ಕೊಡುವ ಹಿಮ್ಮುಖ ವೋಲ್ಟೇಜಿಗೆ) ಎರಡು 9 ವೋಲ್ಟ್ ಬ್ಯಾಟರಿ, ಅಡಾಪ್ಟರ್ ಬೇಡ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದಾಗಿನ ಗದ್ದಲ ಅದರಿಂದ ಒಳನುಗ್ಗುತ್ತದೆ. ಡಬ್ಬಿಗೆ ಸೂಜಿಮೊನೆಯಷ್ಟೂ ಬೆಳಕು ಹೋಗಬಾರದು. ಆಲ್ಫಾ ಮೂಲಕ್ಕೆ ಪರವಾನಗಿ ಬೇಡದ ದಾರಿ: ಉಜ್ಜಿದ ಬಲೂನನ್ನು ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ತೂಗುಹಾಕಿದರೆ ಗಾಳಿಯಲ್ಲಿನ ರೇಡಾನ್ ಅನಿಲದ ಸಂತತಿ (ಅದು ಕ್ಷಯಿಸಿ ಹುಟ್ಟುವ ವಿಕಿರಣಶೀಲ ಪರಮಾಣುಗಳು) ಅಂಟುತ್ತದೆ. ಪೊಲೋನಿಯಂ-218ರ 6.0 ಎಂಇವಿ ಗೆರೆ ಕಾಲು ಗಂಟೆಯಲ್ಲಿ ಮಾಯ, 214ರ 7.69 ಉಳಿಯುತ್ತದೆ. ಆಂಪ್ಲಿಫೈಯರಿನ 1 ಪಿಕೋಫ್ಯಾರಡ್ ಫೀಡ್‌ಬ್ಯಾಕ್ ಕೆಪಾಸಿಟರಿಗೆ ಅದು 0.34 ವೋಲ್ಟ್. ಬಲೂನಿಗೂ ಡಯೋಡಿಗೂ ಅಂತರ 3 ಮಿ.ಮೀ. ಮೀರಿದರೆ ಗಾಳಿಯೇ ಶಕ್ತಿ ತಿಂದು ಗೆರೆ ಹರಡುತ್ತದೆ.

ಈ ಆಲ್ಫಾ ಅಳತೆಗೋಲಿನಿಂದ ವಿದಳನದ ಚೂರುಗಳನ್ನು ಅಳೆಯಬಾರದು. ಭಾರದ ಚೂರು ಸಿಲಿಕಾನ್‌ನಲ್ಲಿ ದಟ್ಟ ಪ್ಲಾಸ್ಮಾ ಎಬ್ಬಿಸುತ್ತದೆ, ಒಂದಷ್ಟು ಚಾರ್ಜ್ ಮರಳಿ ಕೂಡಿಹೋಗಿ ಶಕ್ತಿ ಕಡಿಮೆ ತೋರುತ್ತದೆ. ಹಾರಾಟದ ಸಮಯಕ್ಕೆ ಅಷ್ಟು ಮರ್ಯಾದೆ ಇರುವುದು ಇದಕ್ಕೇ.

ಈ ತಿಂಗಳು ಬಿಸಿಲು ಏರಿದೆ. ಸುಮಾರು 10 ಡಿಗ್ರಿ ಏರಿದರೆ ಡಯೋಡಿನ ಸೋರಿಕೆ ಕರೆಂಟ್ ದುಪ್ಪಟ್ಟು, ಹಾಗಾಗಿ ಓದುಗಳೆಲ್ಲ ಬೆಳಗಿನ ಜಾವಕ್ಕೆ. ಟಾರ್ಗೆಟ್ ದಪ್ಪದ ತಿದ್ದುಪಡಿ ಕೋಡಿಗೆ ಸೇರಬೇಕಿದೆ.