ಲೊಟೆ ಲೆನ್ಯಾ ಆಡಿಯೋ ಸರಣಿ: ಕೆಲಸ ಎಲ್ಲಿಗೆ ಬಂತು

ಬರ್ಲಿನ್ ಭಾಗದ ಸ್ಕ್ರಿಪ್ಟ್ ಮುಗಿದು ರೆಕಾರ್ಡಿಂಗೂ ಆಯಿತು. ಅಮೆರಿಕದ ಭಾಗ ಅರ್ಧ ಬರೆದಾಗಿದೆ. ಪ್ಯಾರಿಸ್ ಇನ್ನೂ ಬಾಕಿ. ಅಂದುಕೊಂಡಿದ್ದಕ್ಕಿಂತ ನಿಧಾನ, ಆದರೆ ಕೆಲಸದ ರುಚಿ ಹತ್ತಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ರಂಗನಟಿ, ಗಾಯಕಿ ಲೆನ್ಯಾ ಹುಟ್ಟಿದ್ದು 1898ರಲ್ಲಿ, ವಿಯೆನ್ನಾದಲ್ಲಿ. ಅಪ್ಪ ಕುದುರೆ ಗಾಡಿ ಓಡಿಸುತ್ತಿದ್ದರು, ಅಮ್ಮ ಬೇರೆಯವರ ಬಟ್ಟೆ ಒಗೆಯುತ್ತಿದ್ದರು. ಲೆನ್ಯಾ ಜ್ಯೂರಿಕ್‌ನಲ್ಲಿ ಬ್ಯಾಲೆ ಕಲಿತು, 1921ರಲ್ಲಿ ಬರ್ಲಿನ್ ಸೇರಿದರು. 1926ರಲ್ಲಿ ಸಂಗೀತ ಸಂಯೋಜಕ ಕುರ್ಟ್ ವೈಲ್ ಅವರನ್ನು ಮದುವೆಯಾದರು. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆದರೂ ವೈಲ್ ಹಾಡು ಅಂದರೆ ಇವತ್ತಿಗೂ ಜನಕ್ಕೆ ಮೊದಲು ನೆನಪಾಗುವುದು ಇವರ ದನಿಯೇ.

ಬರ್ಲಿನ್ ಕಂತು ನಿಂತಿರುವುದು 1928ರ ಆಗಸ್ಟ್ 31ರ ಮೇಲೆ. ಶಿಫ್‌ಬಾವರ್‌ಡಾಮ್ ರಂಗಮಂದಿರದಲ್ಲಿ ನಾಟಕಕಾರ ಬ್ರೆಕ್ಟ್ ಮತ್ತು ವೈಲ್ ಅವರ ಸಂಗೀತ ನಾಟಕ 'ತ್ರೀಪೆನ್ನಿ ಆಪೆರಾ'ದ ಮೊದಲ ಪ್ರದರ್ಶನ. ಲೆನ್ಯಾ ಜೆನ್ನಿ ಅನ್ನುವ ವೇಶ್ಯೆಯ ಪಾತ್ರದಲ್ಲಿದ್ದರು. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರೇ ಬಿಟ್ಟುಹೋಗಿತ್ತು. ವೈಲ್ ಕೆಂಡಾಮಂಡಲವಾದರು. ಸಮಾಧಾನ ಮಾಡಿ ರಂಗಕ್ಕೆ ನಡೆದವರು ಲೆನ್ಯಾ. ಮರುದಿನದಿಂದ ಬರ್ಲಿನ್‌ಗೆ ಅವರ ಹೆಸರು ಹೇಳಿಕೊಡಬೇಕಾಗಲಿಲ್ಲ.

ನನ್ನ ಹೆಚ್ಚಿನ ಸಮಯ ಹಿಡಿದದ್ದು ಆ ನಾಟಕದ ಒಂದೇ ಹಾಡು, 'ಪೈರೇಟ್ ಜೆನ್ನಿ'. ಹಾಡಿನಲ್ಲಿರುವುದು ಹೋಟೆಲೊಂದರಲ್ಲಿ ಕಸ ಮುಸುರೆ ಮಾಡುವ ಹುಡುಗಿ. ಒಂದು ದಿನ ಎಂಟು ಹಾಯಿಯ, ಐವತ್ತು ಫಿರಂಗಿಯ ಹಡಗು ಬಂದು ಊರನ್ನೇ ನೆಲಸಮ ಮಾಡುತ್ತದೆ ಅಂತ ಅವಳ ಕನಸು. ಯಾರನ್ನು ಕೊಲ್ಲಬೇಕು ಅಂತ ಹಡಗಿನವರು ಕೇಳಿದರೆ, ಎಲ್ಲರನ್ನೂ ಅನ್ನುತ್ತಾಳೆ. ನಿರ್ದೇಶಕ ಪಾಬ್ಸ್ಟ್ 1931ರಲ್ಲಿ ಈ ನಾಟಕವನ್ನೇ ಮಾಡಿದ ಸಿನಿಮಾದಲ್ಲಿ ಲೆನ್ಯಾ ಇದನ್ನು ಹಾಡುವುದನ್ನು ನೋಡಬೇಕು. ಹೆಚ್ಚು ಅಲುಗಾಡುವುದೇ ಇಲ್ಲ. ಸುಮ್ನೆ ನಿಂತು, ಯಾರಿಗೂ ಏನೂ ತೋರಿಸಿಕೊಳ್ಳದೆ ಹಾಡುತ್ತಾರೆ. ಕಣ್ಣು ಮಾತ್ರ ಎಲ್ಲೋ ದೂರದಲ್ಲಿರುತ್ತದೆ. ದನಿ ತೆಳು, ಎತ್ತರ, ಚಿಕ್ಕ ಹುಡುಗಿಯದು. ಅಷ್ಟು ಎಳೆಯ ದನಿಯಲ್ಲಿ ಊರು ಸುಡುವ ಮಾತು ಬಂದಾಗ ಮೈ ಜುಮ್ ಅನ್ನುತ್ತದೆ.

ಆಮೇಲೆ ಅದೇ ಲೆನ್ಯಾ 1950ರ ದಶಕದಲ್ಲಿ ಹಾಡಿದ್ದನ್ನು ಹಾಕಿ ಕೇಳಿ. ಬೇರೆ ಯಾರೋ ಅನ್ನಿಸುತ್ತದೆ. ದನಿ ಕೆಳಗಿಳಿದಿದೆ, ಗೊಗ್ಗರಾಗಿದೆ. ಎಷ್ಟು ಇಳಿದಿದೆ ಅಂತ ನೋಡಲು ಫೋನಿನ ತಂಬೂರಿ ಆ್ಯಪ್ ಹಚ್ಚಿ ಎರಡೂ ಕಾಲದ ಹಾಡುಗಳಿಗೆ ಶ್ರುತಿ ಹಿಡಿದು ನೋಡುತ್ತಿದ್ದೇನೆ. ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ ಒಂದು ತೊಡಕಿದೆ. ಆಗ ವೇಗ ಎಲ್ಲ ಕಡೆ ಒಂದೇ ಇರುತ್ತಿರಲಿಲ್ಲ. ತಟ್ಟೆ ಸ್ವಲ್ಪ ಜೋರಾಗಿ ತಿರುಗಿದರೂ ಶ್ರುತಿ ಅರ್ಧ ಮನೆ ಮೇಲೆ ಹೋಗುತ್ತದೆ. ಹಾಗಾಗಿ ಅವುಗಳ ಲೆಕ್ಕವನ್ನು ಕಂತಿನಲ್ಲಿ ಅಂದಾಜು ಅಂತಲೇ ಹೇಳುತ್ತೇನೆ. ಬ್ರೆಕ್ಟ್ ಮತ್ತು ವೈಲ್ ಅವರ ಹಾಡು-ನೃತ್ಯದ ಕೃತಿ 'ಸೆವೆನ್ ಡೆಡ್ಲಿ ಸಿನ್ಸ್' ವಿಷಯದಲ್ಲಿ ಈ ಗೊಂದಲ ಇಲ್ಲ. 1933ರಲ್ಲಿ ಪ್ಯಾರಿಸ್‌ನಲ್ಲಿ ಹಾಡಿದ್ದನ್ನೇ 1956ರಲ್ಲಿ ಧ್ವನಿಮುದ್ರಣ ಮಾಡುವಾಗ, ಅವರ ದನಿಗೆ ಹೊಂದಲಿ ಅಂತ ಹಾಡುಗಳನ್ನು ತಗ್ಗಿಸಿ ಹೊಸದಾಗಿ ಬರೆಸಿದರು. ಮೇಲಿನ ಷಡ್ಜದಿಂದ ಪಂಚಮಕ್ಕೆ ಇಳಿದಷ್ಟು. ಹಾಡುವವರಿಗೆ ಗೊತ್ತು, ಅದು ಸಣ್ಣ ಇಳಿತ ಅಲ್ಲ.

ಈ ಸರಣಿಯಲ್ಲಿ ನಾನು ಹೇಳಬೇಕು ಅಂತಿರುವುದೂ ಇದನ್ನೇ. ದನಿ ಹೋದ ಮೇಲೂ ಹೇಗೋ ನಿಭಾಯಿಸಿದರು ಅಂತ ಅವರ ಕಥೆ ಹೇಳುವವರು ಜಾಸ್ತಿ. ನನಗೆ ಹಾಗೆ ಕೇಳಿಸುವುದಿಲ್ಲ. ಮೊದಲಿನಿಂದಲೂ ಅವರು ಹಾಡಿದ್ದು ಮಾತನ್ನು. ಎಲ್ಲಿ ರಾಗ ಬಿಟ್ಟು ಬರೀ ಮಾತಾಡಬೇಕು, ಯಾವ ಪದದ ಮುಂದೆ ಒಂದು ಕ್ಷಣ ತಡೆಯಬೇಕು ಅನ್ನುವುದು ಅವರ ಕೈಯಲ್ಲಿತ್ತು. ರಂಗಗೀತೆ ಹಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ. ದನಿ ಮಾಗಿದ ಮೇಲೆ ಆ ಮಾತಿಗೆ ತೂಕ ಬಂತು.

ಅಮೆರಿಕದ ವರ್ಷಗಳು ಸುಲಭದ್ದಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಯಹೂದಿಯಾದ ವೈಲ್ 1933ರಲ್ಲಿ ಜರ್ಮನಿ ಬಿಟ್ಟರು. ಅದೇ ವರ್ಷ ಇಬ್ಬರ ವಿಚ್ಛೇದನವೂ ಆಯಿತು. 1935ರಲ್ಲಿ ಇಬ್ಬರೂ ಒಟ್ಟಿಗೆ ನ್ಯೂಯಾರ್ಕ್‌ಗೆ ಹೋದರು, 1937ರಲ್ಲಿ ಮತ್ತೆ ಮದುವೆಯಾದರು. ಲೆನ್ಯಾ ನೈಟ್‌ಕ್ಲಬ್‌ನಲ್ಲಿ ಹಾಡಿದರು, ಒಂದೆರಡು ನಾಟಕ ಮಾಡಿದರು. 1945ರಲ್ಲಿ ಒಂದು ಸಂಗೀತ ನಾಟಕ ಬಿದ್ದುಹೋದ ಮೇಲೆ ರಂಗದಿಂದ ದೂರವಾದರು. 1950ರಲ್ಲಿ ವೈಲ್ ತೀರಿಕೊಂಡರು.

ಮತ್ತೆ ಅವರನ್ನು ರಂಗಕ್ಕೆ ನೂಕಿದವರು ಎರಡನೇ ಗಂಡ ಜಾರ್ಜ್ ಡೇವಿಸ್. 1954ರಲ್ಲಿ ನ್ಯೂಯಾರ್ಕಿನ ಸಣ್ಣ ಥಿಯೇಟರ್ ಡಿ ಲಿಸ್‌ನಲ್ಲಿ ಮಾರ್ಕ್ ಬ್ಲಿಟ್ಸ್‌ಟೈನ್ ಅವರ ಇಂಗ್ಲಿಷ್ ರೂಪದಲ್ಲಿ ಅದೇ 'ತ್ರೀಪೆನ್ನಿ ಆಪೆರಾ', ಅದೇ ಜೆನ್ನಿ. ವಯಸ್ಸು 55. ಆ ಪಾತ್ರಕ್ಕೆ 1956ರಲ್ಲಿ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಟೋನಿ ಬಂತು. ಬ್ರಾಡ್‌ವೇಯ, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ, ಆಚೆಗಿನ ನಾಟಕಕ್ಕೆ ಆ ಪ್ರಶಸ್ತಿ ಸಿಗುವುದು ಬಹಳ ಅಪರೂಪ. 1955ರಲ್ಲಿ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಆ ನಾಟಕದ 'ಮ್ಯಾಕ್ ದ ನೈಫ್' ಹಾಡುವಾಗ ಇವರೂ ಸ್ಟುಡಿಯೋದಲ್ಲಿದ್ದರು. ಆರ್ಮ್‌ಸ್ಟ್ರಾಂಗ್ ಇವರ ಹೆಸರನ್ನೂ ಹಾಡಿಗೆ ಸೇರಿಸಿಬಿಟ್ಟರು! ನಂತರ 1963ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ, ಬೂಟಿನಲ್ಲಿ ಚಾಕು ಬಚ್ಚಿಟ್ಟುಕೊಂಡ ರೋಸಾ ಕ್ಲೆಬ್ ಆದರು. ನಮ್ಮಲ್ಲಿ ಎಷ್ಟೋ ಜನ ಹೆಸರು ಗೊತ್ತಿಲ್ಲದೇ ಇವರನ್ನು ನೋಡಿರುವುದು ಅಲ್ಲೇ.

ಈಗ ಬರೆಯುತ್ತಿರುವುದು 1966ರ ಸಂಗೀತ ನಾಟಕ 'ಕ್ಯಾಬರೆ'ಯ ಭಾಗ. ಬ್ರಾಡ್‌ವೇಯಲ್ಲಿ ಲೆನ್ಯಾ ಬರ್ಲಿನ್ನಿನ ಮನೆಯೊಡತಿ ಫ್ರಾಯ್ಲೈನ್ ಶ್ನೈಡರ್. ಯಹೂದಿ ಹಣ್ಣಿನ ವ್ಯಾಪಾರಿಯ ಜೊತೆ ಮದುವೆ ಗೊತ್ತಾಗಿ, ನಾಜಿಗಳಿಗೆ ಹೆದರಿ ಬೇಡ ಅನ್ನುವವಳು. ಅದೇ ಬರ್ಲಿನ್ನಿನಲ್ಲಿ ಬದುಕಿ, ಯಹೂದಿಯನ್ನೇ ಎರಡು ಸಲ ಮದುವೆಯಾಗಿದ್ದ ಲೆನ್ಯಾ, ಧೈರ್ಯ ಸಾಲದ ಆ ಹೆಂಗಸಿನ ಪರವಾಗಿ ನಿಂತು ಹಾಡಬೇಕಾಗಿತ್ತು. ಅವಳನ್ನು ಕೆಟ್ಟವಳನ್ನಾಗಿ ಮಾಡದೆ ಹಾಡಿದ್ದಾರೆ. ಈ ಕಂತಿಗೆ ನಿರೂಪಣೆ ಕಡಿಮೆ ಮಾಡಿ, ಶ್ನೈಡರಳ ನಿರ್ಧಾರದ ಭಾಗವನ್ನು ಒಬ್ಬ ಹಿರಿಯ ರಂಗನಟಿಯ ದನಿಯಲ್ಲಿ ಓದಿಸುವ ಯೋಚನೆ ಇದೆ. ಒಬ್ಬರನ್ನು ಕೇಳಿದ್ದೇನೆ, ಸ್ಕ್ರಿಪ್ಟ್ ಕಳಿಸಿ ನೋಡೋಣ ಅಂದಿದ್ದಾರೆ. ಅವರು ಒಪ್ಪಿದರೆ ಮೊದಲು ಇದನ್ನು ರೆಕಾರ್ಡ್ ಮಾಡಿ, ಆಮೇಲೆ ಪ್ಯಾರಿಸ್ ಭಾಗಕ್ಕೆ ಕೈ ಹಾಕುತ್ತೇನೆ.